ಸುಮೋ ಹೋದ್ರೆ ಡಬ್ಬಿ ಎಳೆಯೋರ್ಯಾರು?

1/10

ಫೋಟೋದಲ್ಲಿ ಮುಂದೆ ಇರೋದು ನಮ್ಮ ಸುಮೋ. ಹಿಂದೆ ಕೊಂಡಿಗೆ ಸಿಕ್ಕಿಸಿರೋ ತಗಡಿನ ಪೆಟ್ಟಿಗೆ ನಮ್ಮ ಡಬ್ಬಿ. ಹತ್ತು ಅಡಿ ಉದ್ದ, ಎರಡು ಚಕ್ರ, ಒಂದು ಬಾಗಿಲು. ಹಗಲು ಹೊತ್ತು ಪಕ್ಕದ ತಗಡು ಮೇಲಕ್ಕೆತ್ತಿದ್ರೆ ಅಂಗಡಿ: ಕಡ್ಲೆಪುರಿ, ಬೆಂಡು, ಬತ್ತಾಸು, ಖಾರ. ರಾತ್ರಿ ತಗಡು ಇಳಿಸಿ ಚಿಲಕ ಹಾಕಿದ್ರೆ ನಮ್ಮ ಮಲಗೋ ಮನೆ. ಫಾರಿನ್ ರೀಲ್ಸ್‌ನಲ್ಲಿ ಕಾರಿನ ಹಿಂದೆ ಬೆಳ್ಳಗಿರೋ ಕ್ಯಾಂಪರ್ ಎಳ್ಕೊಂಡು ಬೆಟ್ಟ, ಕೆರೆ ಅಂತ ಸುತ್ತೋರನ್ನ ನೋಡಿ ಲೈಕ್ ಒತ್ತುತ್ತೀರಲ್ಲ, ಅದೇ ಇದು. ನಮ್ಮದಕ್ಕೆ ಎಣ್ಣೆ ವಾಸನೆ ಜಾಸ್ತಿ, ಅಷ್ಟೇ ವ್ಯತ್ಯಾಸ.

ಜಡಿಗೇನಹಳ್ಳಿಯಿಂದ ಹೊರಟು ಘಾಟಿ ಸುಬ್ರಹ್ಮಣ್ಯ, ಶ್ರಾವಣ ಶನಿವಾರಗಳಲ್ಲಿ ಚಿಕ್ಕತಿರುಪತಿ, ಶಿವರಾತ್ರಿಗೆ ಆವಣಿ ಇಲ್ಲಾ ನಂದಿ, ಕಾರ್ತಿಕದಲ್ಲಿ ಬಸವನಗುಡಿ ಕಡ್ಲೆಕಾಯಿ ಪರಿಷೆ. ನಾನು ಹುಟ್ಟೋಕೆ ಮುಂಚಿನಿಂದ್ಲೂ ಇದೇ ನಮ್ಮನೆ ಕ್ಯಾಲೆಂಡರ್. ಕಾಲೇಜಲ್ಲಿ ನನ್ನನ್ನ 'ಬತ್ತಾಸು' ಅಂತ ಕರೀತೀರಲ್ಲ, ಕಾರಣ ಇದೇ. ಬೇಜಾರಿಲ್ಲ.

ಈಗ ವಿಷಯ. ಸುಮೋಗೆ 20 ವರ್ಷ ಆಯ್ತು. ಇನ್ನು ಎಳೆಯಲ್ಲ. ಹೊಸದು ತರೋಣ ಅಂದ್ರೆ ಆ ಗಾಡಿ ಈಗ ತಯಾರಾಗೋದೇ ಇಲ್ಲ. ಅದರ ಜಾಗಕ್ಕೆ ಏನು ತರಬೇಕು ಅಂತ ನಮ್ಮನೇಲಿ ಮೂರು ತಿಂಗಳಿಂದ ಯುದ್ಧ. ಅಪ್ಪಂದು ಒಂದು, ಅಣ್ಣಂದು ಒಂದು, ಮಾವಂದು ಒಂದು. ಮೂರೂ ತಪ್ಪು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹತ್ತು ಪೋಸ್ಟಲ್ಲಿ ಹೇಳ್ತೀನಿ. ನಿಮ್ಮನೆ ಮುಂದೆ ಹಳೇ ಸುಮೋ, ಕ್ವಾಲಿಸ್, ಟ್ರ್ಯಾಕ್ಸ್ ನಿಂತಿದ್ರೆ ಕೊನೇವರೆಗೂ ಓದಿ.

2/10

ಮೊದಲು ಸುಮೋಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ.

ಟಾಟಾದವರು ಇದನ್ನ ಬಿಟ್ಟಿದ್ದು 1994ರಲ್ಲಿ. ಸುಮೋ ಅಂದ್ರೆ ಜಪಾನಿನ ದಪ್ಪ ಪೈಲ್ವಾನರು ಅಂದ್ಕೊಂಡಿದ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಅಲ್ಲ. ಆ ಕಂಪನಿಯನ್ನ ಕಟ್ಟಿ ಬೆಳೆಸಿದ ಸುಮಂತ್ ಮೂಲ್ಗಾವ್ಕರ್ ಅವರ ಹೆಸರಿನ 'ಸು', ಅಡ್ಡಹೆಸರಿನ 'ಮೂ' ಸೇರಿಸಿ ಆಗಿದ್ದು. 25 ವರ್ಷ ಓಡಿ 2019ರಲ್ಲಿ ನಿಂತುಹೋಯ್ತು.

ಯಾಕೆ ನಿಲ್ಲಿಸಿದ್ರು? "ಗಟ್ಟಿ ಗಾಡಿ ಮಾಡಿದ್ರೆ ಜನ ಹೊಸದು ತಗೊಳ್ಳಲ್ಲ, ಅದಕ್ಕೇ ನಿಲ್ಲಿಸಿದ್ರು" ಅಂತ ನಮ್ಮೂರ ಅರಳಿಕಟ್ಟೆ ತೀರ್ಪು. ಆದ್ರೆ ತಾರೀಖುಗಳನ್ನ ನೋಡಿ. ಅಪಘಾತ ಪರೀಕ್ಷೆಯ ಹೊಸ ನಿಯಮ ಹಳೇ ಮಾದರಿಗಳಿಗೂ ಅನ್ವಯ ಆಗಿದ್ದು 2019ರಲ್ಲಿ. ಡ್ರೈವರ್‌ಗೆ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಗಂಟೆ, ಎಬಿಎಸ್ ಬ್ರೇಕು, ಇವೆಲ್ಲ ಕಡ್ಡಾಯ ಆಗಿದ್ದೂ ಅದೇ ವರ್ಷ. 2020ರ ಏಪ್ರಿಲ್ 1ಕ್ಕೆ ಹೊಗೆಯ ಬಿಎಸ್-6 ನಿಯಮ ಬಂತು. 1994ರ ಮೂಳೆ ಮೇಲೆ ಇಷ್ಟನ್ನೆಲ್ಲ ಹೊರಿಸೋಕೆ ಹೋದ್ರೆ ಹೊಸ ಗಾಡಿಯನ್ನೇ ಮಾಡಿದ ಹಾಗೆ.

'ಸುಮೋ ವಾಪಸ್ ತನ್ನಿ' ಅಂತ ಸ್ಟೋರಿ ಹಾಕೋರೆ, ಒಂದು ಮಾತು. ನನಗೂ ಅದರ ಮೇಲೆ ಪ್ರೀತಿ ಇದೆ. ಅದರ ಹಿಂದಿನ ಅಡ್ಡ ಸೀಟಿನ ಮೇಲೆ ಕೂತು ಹೋಂವರ್ಕ್ ಮಾಡಿದವಳು ನಾನು. ಆದ್ರೆ ಆ ಸೀಟಿಗೆ ಬೆಲ್ಟ್ ಇರಲಿಲ್ಲ. ಒಂಬತ್ತು ಜನ ಒಳಗೆ, ಡಬ್ಬಿ ಹಿಂದೆ, ಒಂದೂ ಏರ್‌ಬ್ಯಾಗ್ ಇಲ್ಲ. ನಮಗೆ ಏನೂ ಆಗಲಿಲ್ಲ ಅನ್ನೋದು ಅದೃಷ್ಟ. ಅದನ್ನ ಗಾಡಿಯ ಗಟ್ಟಿತನ ಅಂತ ಲೆಕ್ಕಕ್ಕೆ ಬರ್ಕೊಳ್ಳೋದು ಬೇಡ. ಅದು ನಿಂತಿದ್ದು ಸರಿ. ನಮ್ಮಂಥೋರ ಕೆಲಸ ಮಾತ್ರ ನಿಂತಿಲ್ಲ, ತೊಂದರೆ ಇರೋದು ಅಲ್ಲೇ.

3/10

ಒಂದು ಹಳೇ ಗಾಡಿ ಮನೆಯಲ್ಲಿ ನಿಜವಾಗಿ ಎಷ್ಟು ಕೆಲಸ ಮಾಡ್ತಿತ್ತು? ಒಂದು ಭಾನುವಾರ ಅಮ್ಮನ ಜೊತೆ ಕೂತು ಪಟ್ಟಿ ಮಾಡಿದೆ.

ಒಂದು, ಡಬ್ಬಿ ಎಳೆಯೋದು. ಎರಡು, ನನ್ನನ್ನ, ಅಣ್ಣನ್ನ ಸ್ಕೂಲಿಗೆ ಬಿಡೋದು. ಮೂರು, ನಡುರಾತ್ರಿ ಯಾರಿಗಾದ್ರೂ ಎದೆನೋವು, ಹೆರಿಗೆನೋವು ಅಂದ್ರೆ ಹೊಸಕೋಟೆಗೆ ಓಡೋದು. ನಮ್ಮದೇ ಬೀದಿಯ ಮೂರು ಮಕ್ಕಳು ಈ ಸುಮೋ ಹತ್ತಿ ಆಸ್ಪತ್ರೆಗೆ ಹೋಗಿ ಹುಟ್ಟಿದವು. ನಾಲ್ಕು, ಮದುವೆ, ತಿಥಿ, ದೇವಸ್ಥಾನ ಅಂತ ಹತ್ತು ಜನರನ್ನ ತುಂಬೋದು. ಐದು, ಟೊಮೇಟೊ ಕಾಲದಲ್ಲಿ ಕ್ರೇಟ್ ಹೇರೋದು. ಆರು, ಮನೆ ಮುಂದೆ ನಿಲ್ಲೋದು. ನಗಬೇಡಿ, ನಿಲ್ಲೋದೂ ಕೆಲಸಾನೇ. ಅಣ್ಣನಿಗೆ ಹೆಣ್ಣು ನೋಡೋಕೆ ಹೋದಾಗ "ಮನೆ ಮುಂದೆ ಗಾಡಿ ಇದೆ" ಅನ್ನೋದು ಒಂದು ಮಾತು.

ಈಗ ಪಕ್ಕದಲ್ಲೇ ಇನ್ನೊಂದು ಪಟ್ಟಿ ಬರೆದ್ವಿ: ಈ ಕೆಲಸಗಳನ್ನ ಇವತ್ತು ಯಾರು ಮಾಡ್ತಿದ್ದಾರೆ? ಸ್ಕೂಲು ಮುಗೀತು. ಕಾಲೇಜಿಗೆ ನಾನು ಬಸ್ಸಲ್ಲಿ ಹೋಗ್ತೀನಿ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡೂ ಇಲ್ಲ. ಅಮ್ಮ ಸಂತೆಗೆ ಹೋಗೋದೂ ಹಾಗೇ. ರಾತ್ರಿ ಆಸ್ಪತ್ರೆಗೆ 108 ಬರುತ್ತೆ. ನೆಂಟರಿಗೆ ಅವರವರ ಕಾರುಗಳು ಬಂದಿವೆ. ಟೊಮೇಟೊಗೆ ಊರಲ್ಲಿ ಬಾಡಿಗೆ ಗೂಡ್ಸ್ ಗಾಡಿಗಳಿವೆ.

ಉಳಿದಿದ್ದು ಎರಡೇ: ಡಬ್ಬಿ ಎಳೆಯೋದು, ಮನೆ ಮುಂದೆ ನಿಲ್ಲೋದು.

ಹತ್ತು ಸೀಟಿನ ಗಾಡಿ ಬೇಕು ಅಂತ ಮೂರು ತಿಂಗಳಿಂದ ಕಿತ್ತಾಡ್ತಿದ್ವಿ. ಹತ್ತು ಜನ ಕೂತು ಎಷ್ಟು ವರ್ಷ ಆಯ್ತು ಅಂತ ಕೇಳಿದ್ರೆ ಯಾರಿಗೂ ನೆನಪಿಲ್ಲ. ಅಪ್ಪ ಪಟ್ಟಿಯನ್ನ ನೋಡಿ ಏನೂ ಮಾತಾಡದೆ ಎದ್ದು ಹೋದ್ರು. ಸುಮೋದ ಗಾಜು ಒರೆಸೋಕೆ ಶುರು ಮಾಡಿದ್ರು.

4/10

ಅಣ್ಣನ ವಾದ: "ದೊಡ್ಡದು ತಗೊಳ್ಳೋಣ. ಒಂದೇ ಸಲ, ಆಮೇಲೆ ಚಿಂತೆ ಇಲ್ಲ."

ನಮ್ಮ ಕಡೆಯ ಕಥೆ ನಿಮಗೆ ಗೊತ್ತು. ಹೊಸಕೋಟೆ ಸುತ್ತ ವರ್ತುಲ ರಸ್ತೆ ಬಂತು, ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂತು, ಗೋಡೌನ್‌ಗಳು ಬಂದವು. ಜಮೀನು ಹೋದೋರ ಕೈಗೆ ದುಡ್ಡು ಬಂತು. ಆ ದುಡ್ಡಲ್ಲಿ ಮೊದಲು ಬಂದಿದ್ದು ಬಿಳೀ ಬಣ್ಣದ ದೊಡ್ಡ ಎಸ್‌ಯುವಿ. ಯಾರನ್ನೂ ಬೈತಿಲ್ಲ. ಆದ್ರೆ ಜಮೀನು ಹೋಗದೆ ಇರೋರ ಮನೆ ಹುಡುಗರು ಅದೇ ಗಾಡಿಯನ್ನ ಸಾಲದಲ್ಲಿ ತರೋಕೆ ಹೊರಟಿದ್ದಾರಲ್ಲ, ನನಗೆ ಭಯ ಆಗೋದು ಅದಕ್ಕೆ.

ಲೆಕ್ಕ ಹಾಕಿ. 18 ಲಕ್ಷ ಸಾಲ, ಏಳು ವರ್ಷ, ಒಂಬತ್ತೂವರೆ ಪರ್ಸೆಂಟ್ ಬಡ್ಡಿ. ಕಂತು ತಿಂಗಳಿಗೆ 29 ಸಾವಿರದ ಮೇಲೆ. ಏಳು ವರ್ಷ ಮುಗಿದಾಗ ಕಟ್ಟಿರೋದು 24 ಲಕ್ಷ 70 ಸಾವಿರದ ಹತ್ತಿರ. ಅಮ್ಮನ ಲೆಕ್ಕದ ಪುಸ್ತಕದಲ್ಲಿ ಕಳೆದ ವರ್ಷ ಡಬ್ಬಿ ರಸ್ತೆಗಿಳಿದ ದಿನಗಳನ್ನ ಎಣಿಸಿದೆ, 26. ವರ್ಷದ ಕಂತನ್ನ 26ರಿಂದ ಭಾಗಿಸಿದ್ರೆ, ಎಳೆಯೋ ಒಂದೊಂದು ದಿನಕ್ಕೆ 13,500 ರೂಪಾಯಿ. ಡೀಸೆಲ್ಲು, ಇನ್ಶೂರೆನ್ಸು, ಟಯರು ಬೇರೆ. ಅಷ್ಟು ಲಾಭ ಬರೋಕೆ ಒಂದು ದಿನಕ್ಕೆ ಎಷ್ಟು ಕಡ್ಲೆಪುರಿ ಮಾರಬೇಕು ಅಂತ ಅಣ್ಣನ್ನ ಕೇಳಿದೆ. "ನೀನು ಯಾವಾಗ್ಲೂ ಹೀಗೇ" ಅಂದ.

ಇನ್ನೊಂದು ಮಾತು. ಶೋರೂಮಿನಲ್ಲಿ ಹಾರ್ಸ್‌ಪವರ್ ಹೇಳ್ತಾರೆ, ಸನ್‌ರೂಫ್ ತೋರಿಸ್ತಾರೆ. "ಹಿಂದೆ ಟ್ರೇಲರ್ ಎಳೀಬಹುದಾ, ಎಷ್ಟು ಕೆಜಿ?" ಅಂತ ಕೇಳಿದ್ವಿ. ಸೇಲ್ಸ್ ಹುಡುಗ ನಕ್ಕು "ಏನ್ ಬೇಕಾದ್ರೂ ಎಳೀಬಹುದು ಮೇಡಂ" ಅಂದ. ಹಾಗಾದ್ರೆ ಮ್ಯಾನ್ಯುಯಲ್‌ನಲ್ಲಿ ಟೋಯಿಂಗ್ ಪುಟ ತೆಗೆದು ತೋರಿಸಿ ಅಂದೆ. ಪುಸ್ತಕ ಸಿಗಲಿಲ್ಲ. ಬಾಯಲ್ಲಿ ಹೇಳಿದ್ದು ವಾರಂಟಿಗೆ ಬರಲ್ಲ ಕಣ್ರೋ. ಬರೆದಿರೋದನ್ನ ಕೇಳಿ.

5/10

ಅಪ್ಪನ ವಾದ: "ಇನ್ನೊಂದು ಸುಮೋನೇ ತರೋಣ. ಸೆಕೆಂಡ್ಸ್. 2017, 18ರದ್ದು ಸಿಗುತ್ತೆ. ಮೆಕ್ಯಾನಿಕ್ ಗೊತ್ತು, ಪಾರ್ಟ್ಸ್ ಗೊತ್ತು, ಕಣ್ಣು ಮುಚ್ಚಿ ಓಡಿಸ್ತೀನಿ."

ಇದರಲ್ಲಿ ಅರ್ಧ ನಿಜ ಇದೆ. ಗೊತ್ತಿರೋ ಗಾಡಿಗೆ ಬೆಲೆ ಇದೆ. ಆವಣಿ ಜಾತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕ್ಲಚ್ ಕೈಕೊಟ್ರೆ, ಲ್ಯಾಪ್‌ಟಾಪ್ ಸಿಕ್ಕಿಸಿ ನೋಡ್ಬೇಕಾದ ಗಾಡಿಗಿಂತ ಸ್ಪ್ಯಾನರ್‌ಗೆ ಬಗ್ಗೋ ಗಾಡಿ ವಾಸಿ. ಕ್ವಾಲಿಸ್ ಇಟ್ಕೊಂಡಿರೋರೂ ಇದೇ ಮಾತು ಹೇಳ್ತಾರೆ. ನಮ್ಮ ಬಿಡದಿಯಲ್ಲೇ ತಯಾರಾಗ್ತಿದ್ದ ಗಾಡಿ ಅದು. 2000ದಲ್ಲಿ ಬಂದು, ಚೆನ್ನಾಗಿ ಓಡ್ತಿರುವಾಗ್ಲೇ 2005ರಲ್ಲಿ ನಿಂತು, ಆ ಜಾಗಕ್ಕೆ ಇನ್ನೋವಾ ಬಂತು. ಇವತ್ತಿಗೂ ಕ್ವಾಲಿಸ್ ಮಾರದೆ ಇಟ್ಕೊಂಡಿರೋ ಮನೆಗಳು ನಮ್ಮ ಹೋಬಳಿಯಲ್ಲೇ ಇವೆ.

ಆದ್ರೆ ಉಳಿದ ಅರ್ಧ? ನಮ್ಮ ಸುಮೋ 2005ರದ್ದು. 15 ವರ್ಷಕ್ಕೆ ಒಂದು ಸಲ ಆರ್‌ಸಿ ನವೀಕರಿಸಿದ್ವಿ, ಅದು ಐದು ವರ್ಷಕ್ಕೆ. 2025ಕ್ಕೆ ಮತ್ತೆ ಬಾಗಿಲು ತಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರಿನಂಥ ಲಘು ವಾಹನಗಳ ನವೀಕರಣ ಶುಲ್ಕವನ್ನ 10,000 ರೂಪಾಯಿ ಮಾಡಿತು. ಶುಲ್ಕ ಹೇಗೋ ಕಟ್ಟಬಹುದು. ಆದ್ರೆ ಫಿಟ್‌ನೆಸ್‌ಗೆ ಮುಂಚೆ ಚಾಸಿಯ ತುಕ್ಕು ತೆಗೆಸಿ, ಬ್ರೇಕು, ಸ್ಟೀರಿಂಗು, ಪಂಪು ಎಲ್ಲ ಮಾಡಿಸೋಕೆ ಮೆಕ್ಯಾನಿಕ್ ಹೇಳಿದ ಮೊತ್ತ ಗಾಡಿಯ ಬೆಲೆಗಿಂತ ಜಾಸ್ತಿ.

2018ರ ಸುಮೋ ತಂದ್ರೆ 2033ಕ್ಕೆ ಇದೇ ಕಥೆ. ಏರ್‌ಬ್ಯಾಗ್ ಕಡ್ಡಾಯ ಆಗೋ ಹಿಂದಿನ ವರ್ಷದ ಗಾಡಿಯನ್ನ, ಅದೂ ಈಗ, ದುಡ್ಡು ಕೊಟ್ಟು ತರೋದು ಯಾಕೆ? ಅಪ್ಪನ ಹತ್ರ ಉತ್ತರ ಇರಲಿಲ್ಲ. "ನಿಮ್ಮಜ್ಜಿ ಕೊನೇ ಸಲ ಕೂತ ಗಾಡಿ ಇದು" ಅಂದ್ರು. ನನ್ನ ಹತ್ರಾನೂ ಉತ್ತರ ಇರಲಿಲ್ಲ.

6/10

ಮಾವನ ವಾದ ಎಲ್ಲರಿಗಿಂತ ಬುದ್ಧಿವಂತಿಕೆಯದ್ದು. "ವರ್ಷಕ್ಕೆ 26 ದಿನ ತಾನೇ? ಡಬ್ಬಿ ಮಾರಿಬಿಡಿ. ಜಾತ್ರೆಗೆ ಟಾಟಾ ಏಸ್ ಬಾಡಿಗೆಗೆ ಹಿಡೀರಿ. ಸಾಮಾನು ಇಳಿಸಿ ಅವನು ವಾಪಸ್ ಹೋಗ್ತಾನೆ, ಮುಗಿದ ಮೇಲೆ ಫೋನ್ ಮಾಡಿದ್ರೆ ಬರ್ತಾನೆ. ಮನೆಗೆ ಒಂದು ಸಣ್ಣ ಕಾರು ಸಾಕು."

ಕಾಗದದ ಮೇಲೆ ಇದೇ ಗೆಲ್ಲುತ್ತೆ. ನಾನೂ ಒಪ್ಪಿದ್ದೆ. ಕ್ಯಾಲ್ಕುಲೇಟರ್ ಒತ್ತಿ ಅಪ್ಪನಿಗೆ ತೋರಿಸೋಕೂ ಹೊರಟಿದ್ದೆ.

ಅಷ್ಟೊತ್ತಿಗೆ ಒಲೆ ಮುಂದೆ ಇದ್ದ ಅಮ್ಮ ತಿರುಗದೇನೇ ಒಂದು ಮಾತು ಹೇಳಿದ್ಲು. "ಗಾಡಿ ಯಾವ್ದಾದ್ರೂ ತಗೊಳ್ಳಿ. ರಾತ್ರಿ ಒಳಗಿಂದ ಚಿಲಕ ಹಾಕೋ ಜಾಗ ನನಗೆ ಬೇಕು."

ಮೂರು ತಿಂಗಳಲ್ಲಿ ಅವಳನ್ನ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಜಾತ್ರೆಗೆ ಹಗಲು ಬಂದು ಸೆಲ್ಫಿ ತಗೊಂಡು ಹೋಗೋರಿಗೆ ಜಾತ್ರೆಯ ರಾತ್ರಿ ಗೊತ್ತಿರಲ್ಲ. ಘಾಟಿಯ ದನದ ಜಾತ್ರೆಯಲ್ಲಿ ಚಳಿ ಮೂಳೆಗೆ ಇಳಿಯುತ್ತೆ. ಗಂಡಸರು ಎತ್ತುಗಳ ಪಕ್ಕ ಬೆಂಕಿ ಹಾಕ್ಕೊಂಡು ಕೂತಿರ್ತಾರೆ. ಟಾರ್ಪಾಲಿನ ಅಂಗಡಿಯಲ್ಲಿ ಮಲಗಿದ್ರೆ, ಕುಡಿದೋನು ಒಬ್ಬ ದಾರಿ ತಪ್ಪಿದ ಹಾಗೆ ನಟಿಸಿ ಪರದೆ ಎತ್ತಿ ನೋಡ್ತಾನೆ. ಡಬ್ಬಿ ಬರೋಕೆ ಮುಂಚಿನ ವರ್ಷಗಳಲ್ಲಿ ಅಮ್ಮ, ಅಜ್ಜಿ ಸರದಿ ಮೇಲೆ ಎಚ್ಚರ ಇರ್ತಿದ್ರಂತೆ. ಬಟ್ಟೆ ಬದಲಾಯಿಸೋಕೆ ಕತ್ತಲಾಗೋವರೆಗೂ ಕಾಯ್ತಿದ್ರಂತೆ. ನಾನು ದೊಡ್ಡವಳಾದ ವರ್ಷ ಅಜ್ಜಿ ಹಟ ಮಾಡಿ ಡಬ್ಬಿಯ ಬಾಗಿಲಿಗೆ ಒಳಗಡೆ ಎರಡನೇ ಚಿಲಕ ಹಾಕಿಸಿದ್ಲು.

ಮಾವನ ಲೆಕ್ಕದಲ್ಲಿ ಬಾಡಿಗೆ ಇತ್ತು, ಡೀಸೆಲ್ ಇತ್ತು, ಕೂಲಿ ಇತ್ತು. ಆ ಚಿಲಕ ಎಲ್ಲೂ ಇರಲಿಲ್ಲ. ಡಬ್ಬಿ ಮಾರೋ ಮಾತು ಅಲ್ಲಿಗೇ ಮುಗೀತು.

7/10

ಡಬ್ಬಿ ಇರಲೇಬೇಕು ಅಂತಾದ ಮೇಲೆ ಪ್ರಶ್ನೆ ತಿರುಗಿ ನಿಂತಿತು. ಇಷ್ಟು ದಿನ ನಾವು ಬಾನೆಟ್ ಕಡೆಯಿಂದ ಯೋಚಿಸ್ತಿದ್ವಿ: ಯಾವ ಗಾಡಿಗೆ ಶಕ್ತಿ ಜಾಸ್ತಿ? ಕೊಂಡಿ ಕಡೆಯಿಂದ ಯೋಚಿಸಬೇಕಿತ್ತು: ಎಳೆಯಬೇಕಾದ ತೂಕ ಎಷ್ಟು?

ಗೊತ್ತಾ, ಇಷ್ಟು ವರ್ಷದಲ್ಲಿ ಡಬ್ಬಿಯನ್ನ ಒಂದು ಸಲವೂ ತೂಕ ಹಾಕಿಸಿರಲಿಲ್ಲ. ಸುಮೋ ಎಳೀತಿತ್ತು, ಕೇಳೋ ಅಗತ್ಯವೇ ಬೀಳಲಿಲ್ಲ. ದೊಡ್ಡ ಇಂಜಿನ್ ಮಾಡೋ ಮೊದಲ ಹಾನಿ ಇದು, ನಮ್ಮ ತಪ್ಪನ್ನ ನಮಗೇ ಕಾಣದ ಹಾಗೆ ಮುಚ್ಚಿಡುತ್ತೆ.

ಜಾತ್ರೆಗೆ ಹೋಗೋವಾಗ ಹೇಗೆ ತುಂಬ್ತೀವೋ ಹಾಗೇ ತುಂಬಿ, ಊರಲ್ಲಿ ಒಂದು ಬಾಡಿಗೆ ಟ್ರ್ಯಾಕ್ಟರ್‌ಗೆ ಕಟ್ಟಿ, ಹೊಸಕೋಟೆ ಕಡೆಯ ವೇಬ್ರಿಡ್ಜ್‌ಗೆ ತಗೊಂಡು ಹೋದ್ವಿ. ಡಬ್ಬಿಯನ್ನ ಮಾತ್ರ ತಟ್ಟೆ ಮೇಲೆ ಬಿಟ್ವಿ. ಚೀಟಿಯಲ್ಲಿ ಬಂದಿದ್ದು 1,460 ಕೆಜಿ. ಹೆಚ್ಚು ಕಮ್ಮಿ ಒಂದೂವರೆ ಟನ್. ಬ್ರೇಕ್ ಇಲ್ಲದ ಎರಡು ಚಕ್ರದ ಮೇಲೆ.

ಮನೆಗೆ ಬಂದು ಒಂದೊಂದೇ ಇಳಿಸಿ ಬರೆದ್ವಿ. ನೀರಿನ ಡ್ರಮ್ಮು: 200 ಲೀಟರ್ ಅಂದ್ರೆ 200 ಕೆಜಿ. ಜಾತ್ರೆ ನೀರು ನಂಬಲ್ಲ ಅಂತ ಮನೆಯಿಂದ ತುಂಬ್ಕೊಂಡು ಹೋಗೋದು ಅಜ್ಜಿ ಕಾಲದ ಅಭ್ಯಾಸ. ಈಗ ಅಲ್ಲೇ ಕ್ಯಾನ್ ನೀರು ಸಿಗುತ್ತೆ. ಸಕ್ಕರೆ, ಕಡ್ಲೆ, ಎಣ್ಣೆ ಮೂಟೆಗಳು: 260 ಕೆಜಿ. ಇವನ್ನ ಬೇರೆ ಗೂಡ್ಸ್ ಗಾಡಿಯಲ್ಲಿ ಬೇರೆ ಅಂಗಡಿಯವರ ಜೊತೆ ಸೇರಿ ಕಳಿಸಬಹುದು. ಇಲ್ಲಾಂದ್ರೆ ಹತ್ತಿರದ ಪೇಟೆಯಲ್ಲೇ ಕೊಳ್ಳಬಹುದು. ಕಬ್ಬಿಣದ ಬೀರು, ಬೆಂಚು: 90 ಕೆಜಿ. ಬೀರುವಿನಲ್ಲಿ ಏನಿತ್ತು ಗೊತ್ತಾ? ಹಳೇ ಬೀರು ಬೀಗಗಳು.

ಒಟ್ಟು 550 ಕೆಜಿ ಕಮ್ಮಿ. ಉಳಿದಿದ್ದು 910. ಒಂದು ರೂಪಾಯಿ ಇಂಜಿನ್‌ಗೆ ಹಾಕಿಲ್ಲ, ಒಂದು ಶೋರೂಮ್ ಮೆಟ್ಟಿಲು ಹತ್ತಿಲ್ಲ. ನಮಗೆ ಬೇಕಾದ ಗಾಡಿ ಅಷ್ಟೊತ್ತಿಗೆ ಒಂದು ಸೈಜ್ ಸಣ್ಣದಾಗಿತ್ತು.

8/10

ಇದನ್ನ ಓದದೆ ಸ್ವೈಪ್ ಮಾಡಬೇಡಿ. ಟ್ರೇಲರ್, ಟ್ರ್ಯಾಲಿ, ಜ್ಯೂಸ್ ಗಾಡಿ ಏನಾದ್ರೂ ಎಳೆಯೋರ ಮನೆಯವರು ನೀವಾದ್ರೆ ಮುಖ್ಯವಾಗಿ.

ಎರಡು ವರ್ಷದ ಹಿಂದೆ ಘಾಟಿಯಿಂದ ವಾಪಸ್ ಬರೋವಾಗ ಒಂದು ಇಳಿಜಾರಿನಲ್ಲಿ ಡಬ್ಬಿ ಬಾಲ ಅಲ್ಲಾಡಿಸೋಕೆ ಶುರು ಮಾಡಿತು. ಎಡಕ್ಕೆ, ಬಲಕ್ಕೆ, ಪ್ರತಿ ಸಲ ಇನ್ನೂ ಜಾಸ್ತಿ. ಸುಮೋ ಕೂಡ ಅದರ ಜೊತೆ ತೂಗ್ತಿತ್ತು. ಅಪ್ಪ ಗಾಬರಿಯಲ್ಲಿ ಬ್ರೇಕ್ ತುಳಿದ್ರು, ಇನ್ನೂ ಜಾಸ್ತಿ ಆಯ್ತು. ಆಮೇಲೆ ಕಾಲು ತೆಗೆದು ಗೇರ್ ಇಳಿಸಿದ್ರು. ಮಣ್ಣಿನ ಅಂಚಿಗೆ ಹೋಗಿ ನಿಂತಿತು. ಎದುರಿಗೆ ಬಸ್ ಇತ್ತು. ಅಮ್ಮ ಅವತ್ತಿಂದ ಇಳಿಜಾರಲ್ಲಿ ಕಣ್ಣು ಮುಚ್ಚಿಕೊಳ್ತಾಳೆ.

ದೃಷ್ಟಿ ತಾಗಿದೆ ಅಂತ ನಿಂಬೆಹಣ್ಣು ಕಟ್ಟಿದ್ವಿ. ನಿಜವಾದ ಕಾರಣ ನನಗೆ ಈಗ ಗೊತ್ತಾಯ್ತು: ನೀರಿನ ಡ್ರಮ್ಮು. ಅದನ್ನ ಡಬ್ಬಿಯ ಹಿಂಭಾಗದಲ್ಲಿ, ಅಚ್ಚಿನ ಹಿಂದೆ ಇಡ್ತಿದ್ವಿ. ಹಿಂದೆ ಭಾರ ಆದ್ರೆ ಮೂತಿ ಹಗುರ ಆಗುತ್ತೆ, ಕೊಂಡಿಯ ಮೇಲೆ ಬೀಳೋ ಭಾರ ಕಮ್ಮಿ ಆಗುತ್ತೆ. ಆಗ ಟ್ರೇಲರ್ ತೂಗಾಡುತ್ತೆ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಾದ್ರೂ ಕೊಂಡಿಯ ಮೇಲೆ ಕೂರಬೇಕು ಅನ್ನೋದು ಸಾಮಾನ್ಯ ಲೆಕ್ಕ. ನಮ್ಮ 910ಕ್ಕೆ ಸುಮಾರು 90 ಕೆಜಿ. ಭಾರದ ಸಾಮಾನು ಅಚ್ಚಿನ ಮೇಲೆ ಅಥವಾ ಸ್ವಲ್ಪ ಮುಂದೆ, ನೆಲಮಟ್ಟದಲ್ಲಿ. ಹಗುರದ್ದು ಹಿಂದೆ.

ಎರಡನೇದು ಬ್ರೇಕು. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರಲೇಬೇಕು. ನಾವು ಅದರ ಎರಡರಷ್ಟನ್ನ ಬ್ರೇಕಿಲ್ಲದೆ ಎಳೀತಿದ್ವಿ. ಮುಂದಿನ ಗಾಡಿ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತಲ್ಲ, ಆ ಒತ್ತಡದಿಂದಲೇ ಅದರ ಚಕ್ರಕ್ಕೆ ಬ್ರೇಕ್ ಹಿಡಿಯೋ ವ್ಯವಸ್ಥೆ ಇದೆ. ಅದನ್ನ ಹಾಕಿಸ್ತಿದ್ದೀವಿ. ಜೊತೆಗೆ ಕೊಂಡಿ ಕಳಚಿದ್ರೆ ಹಿಡಿಯೋಕೆ ಎರಡು ಸರಪಳಿ, ಹಿಂದೆ ಕೆಲಸ ಮಾಡೋ ಲೈಟು.

ಮೂರನೇದು ವೇಗ. ಪಕ್ಕದಲ್ಲಿ ಎಕ್ಸ್‌ಪ್ರೆಸ್‌ವೇ ಇದೆ ಅಂತ ಡಬ್ಬಿಗೆ ರೆಕ್ಕೆ ಬರಲ್ಲ. ಇಳಿಜಾರಿಗೆ ಮುಂಚೆನೇ ಗೇರ್ ಇಳಿಸಿ. ತೂಗಾಡಿದ್ರೆ ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಸ್ಟೀರಿಂಗ್ ನೇರ ಹಿಡೀರಿ, ಗಾಬರಿಯಲ್ಲಿ ತಿರುಗಿಸಬೇಡಿ.

9/10

"ಚಾಸಿ ಇರೋ ಗಾಡಿನೇ ಬೇಕು, ಈಗಿನ ಕಾರುಗಳೆಲ್ಲ ಪ್ಲಾಸ್ಟಿಕ್" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಅದಕ್ಕೂ ಒಂದು ಮಾತು.

ಈ ಗೋಳು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಮನೆಮಂದಿ ಎಲ್ಲ ಕೂತು ಹಿಂದೆ ದೊಡ್ಡ ಕ್ಯಾಂಪರ್ ಎಳೆಯೋಕೆ ಫೋರ್ಡ್ ಎಕ್ಸ್‌ಕರ್ಷನ್ ಅಂತ ಒಂದು ಆನೆ ಇತ್ತು. 2005ಕ್ಕೆ ನಿಂತಿತು. ಅದನ್ನ ಓಡಿಸ್ತಿದ್ದೋರೂ ನಮ್ಮಪ್ಪನ ಹಾಗೇ ಹಳೇದನ್ನ ಹುಡುಕಿ ಹುಡುಕಿ ಕೊಂಡ್ರು. ಬ್ರಿಟನ್ನಿನ ಹಳೇ ಲ್ಯಾಂಡ್ ರೋವರ್ ಡಿಫೆಂಡರ್ 2016ರ ಜನವರಿಯಲ್ಲಿ ನಿಂತಾಗ ಅಳದೋರೇ ಇಲ್ಲ. ಹೊಸದು ಬಂದಾಗ ಅದಕ್ಕೆ ಬೇರೆ ಚಾಸಿಯೇ ಇರಲಿಲ್ಲ, ದೇಹಾನೇ ಚಾಸಿ. ಆದ್ರೂ ಬ್ರೇಕ್ ಇರೋ 3,500 ಕೆಜಿ ಟ್ರೇಲರ್ ಎಳೆಯುತ್ತೆ ಅಂತ ಕಂಪನಿ ಬರೆದು ಕೊಡುತ್ತೆ. ಅಂದ್ರೆ ಚಾಸಿ ಇದೆಯಾ ಇಲ್ವಾ ಅನ್ನೋದು ಕೊನೇ ಪ್ರಶ್ನೆ ಅಲ್ಲ. ಎಳೆಯೋಕೆ ಅಂತ ವಿನ್ಯಾಸ ಮಾಡಿದ್ದಾರಾ, ಎಷ್ಟು ಅಂತ ಬರೆದಿದ್ದಾರಾ, ಅದು ಮುಖ್ಯ. ನಮ್ಮ ಬಜೆಟ್ಟಿನಲ್ಲಿ ಮಾತ್ರ ಚಾಸಿ ಇರೋ, ಹಿಂದಿನ ಚಕ್ರ ತಿರುಗೋ ಡೀಸೆಲ್ ಗಾಡಿಗಳೇ ಈ ಕೆಲಸಕ್ಕೆ ಹತ್ತಿರ ಬರ್ತವೆ, ಅದು ನಿಜ.

ಇನ್ನು ಕಾನೂನು. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ. ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಇಂಜಿನ್ ಇಲ್ಲದಿದ್ರೂ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು. ನಮ್ಮ ಡಬ್ಬಿಗೆ ಇಷ್ಟು ವರ್ಷ ನಂಬರೇ ಇರಲಿಲ್ಲ. ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ್ವಿ, ಎಳೆದ್ವಿ. ಆ ಇಳಿಜಾರಿನಲ್ಲಿ ಬಸ್ಸಿಗೆ ತಾಗಿದ್ರೆ? ಜಮೀನು ಮಾರಬೇಕಿತ್ತು. ವ್ಯಾಪಾರಕ್ಕೆ ಬಳಸೋ ಟ್ರೇಲರ್ ಯಾವ ವರ್ಗಕ್ಕೆ ಬರುತ್ತೆ, ಎಳೆಯೋ ಗಾಡಿಗೆ ಯಾವ ಬೋರ್ಡ್ ಬೇಕು ಅಂತ ಗಾಡಿ ಕೊಳ್ಳೋಕೆ ಮುಂಚೆನೇ ಆರ್‌ಟಿಓ ಕಚೇರಿಯಲ್ಲಿ ಕೇಳಿ. ಕೊಂಡ ಮೇಲೆ ಅಲ್ಲ.

ಲೈಸೆನ್ಸ್ ವಿಷಯದಲ್ಲಿ ಒಂದು ಸಮಾಧಾನ: 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನ ಎಲ್‌ಎಂವಿ ಲೈಸೆನ್ಸ್ ಇರೋರು ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

10/10

ಹಾಗಾದ್ರೆ ಏನು ತೀರ್ಮಾನ?

ಡಬ್ಬಿ ಮೊದಲು, ಗಾಡಿ ಆಮೇಲೆ. ಡಬ್ಬಿಗೆ ಬ್ರೇಕು, ಸರಪಳಿ, ಲೈಟು, ನಂಬರು. ಆಮೇಲೆ ಸೆಕೆಂಡ್ಸ್‌ನಲ್ಲಿ ಒಂದು ಗಾಡಿ. ನಾನು ಹಾಕಿರೋ ಷರತ್ತುಗಳು ನಾಲ್ಕೇ. 2019ರ ಜುಲೈ ನಂತರ ತಯಾರಾಗಿರಬೇಕು, ಆಗ ಎಬಿಎಸ್ಸು, ಡ್ರೈವರ್ ಏರ್‌ಬ್ಯಾಗು ಇದ್ದೇ ಇರುತ್ತೆ. 2022ರ ನಂತರದ್ದಾದ್ರೆ ಪಕ್ಕದ ಸೀಟಿಗೂ ಇರುತ್ತೆ, ಅಲ್ಲಿ ಕೂರೋದು ಅಮ್ಮ. ಎಳೆಯೋ ತೂಕ ಕಂಪನಿಯ ಬರಹದಲ್ಲಿ ಇರಬೇಕು, ಅದು 910ಕ್ಕಿಂತ ಜಾಸ್ತಿ ಇರಬೇಕು. ನಮ್ಮೂರ ಮೆಕ್ಯಾನಿಕ್ ಕೈಗೆ ಬಗ್ಗಬೇಕು. ಸಾಲ ಮಾಡಿದ್ರೂ ಮೂರು ವರ್ಷದಲ್ಲಿ ತೀರಬೇಕು. ಅಣ್ಣ ಈಗ ಬೊಲೆರೋ, ಬೊಲೆರೋ ಕ್ಯಾಂಪರ್ ಅಂತ ಫೋನಲ್ಲಿ ಹುಡುಕ್ತಿದ್ದಾನೆ. "ಹೆಸರಲ್ಲೇ ಕ್ಯಾಂಪರ್ ಇದೆ, ಇನ್ನೇನು ಬೇಕು" ಅಂತ ಅವನ ಜೋಕು. ಹೆಸರಲ್ಲಿ ಇದ್ರೆ ಸಾಲದು, ಪುಸ್ತಕದಲ್ಲಿ ಇರಬೇಕು ಅಂತ ನನ್ನ ಜಗಳ.

ನನ್ನ ಅಭಿಪ್ರಾಯ ಒಂದೇ ಸಾಲಲ್ಲಿ ಹೇಳ್ಬೇಕಂದ್ರೆ: ನಿಂತುಹೋದ ಗಾಡಿಯ ಬದಲಿಗೆ ಅಂಥದ್ದೇ ಗಾಡಿ ಹುಡುಕಬೇಡಿ. ಅದು ಮಾಡ್ತಿದ್ದ ಕೆಲಸಗಳನ್ನ ಬಿಡಿಸಿ ಬರೀರಿ, ಉಳಿದ ಕೆಲಸವನ್ನ ತೂಕ ಹಾಕಿಸಿ, ಆ ತೂಕದ ಒಳಗೆ ಯಾರು ಮಲಗ್ತಾರೋ ಅವರನ್ನ ಕೇಳಿ. ನಾವು ಮೂರನೇದನ್ನ ಕೊನೆಗೆ ಮಾಡಿದ್ವಿ. ನೀವು ಮೊದಲು ಮಾಡಿ.

ಸೋತಿದ್ದೂ ಇದೆ, ಸುಳ್ಳು ಹೇಳಲ್ಲ. ಬರೋ ಗಾಡಿಯಲ್ಲಿ ಅಡ್ಡ ಸೀಟು ಇರಲ್ಲ. ಎಲ್ಲರೂ ಮುಂದೆ ನೋಡ್ಕೊಂಡೇ ಕೂರಬೇಕು. ಅಜ್ಜಿ ಎದುರಿಗೆ ಕೂತು ಕಡ್ಲೆ ಬಿಡಿಸ್ತಾ, ಹಿಂದಿನ ಗಾಜಿನಲ್ಲಿ ಡಬ್ಬಿಯನ್ನ ನೋಡ್ತಾ, "ಬರ್ತಾ ಇದೆ, ಬರ್ತಾ ಇದೆ" ಅಂತ ಹೇಳ್ತಿದ್ದ ಜಾಗ ಅದು.

ಸುಮೋ ಮುಂದಿನ ವಾರ ಹೋಗುತ್ತೆ. ಅಪ್ಪ ಅದರ ಹಿಂದಿನ ಕೊಂಡಿಯನ್ನ ಮಾತ್ರ ಬಿಚ್ಚಿಸಿ ಇಟ್ಕೊಂಡಿದ್ದಾರೆ. ಹೊಸ ಗಾಡಿಗೆ ಅದು ಕೂರಲ್ಲ ಅಂತ ಮೆಕ್ಯಾನಿಕ್ ಹೇಳಿಯಾಯ್ತು. ಆದ್ರೂ ಅಟ್ಟದ ಮೇಲಿದೆ.

ನಿಮ್ಮನೇಲಿ ಯಾವ ಗಾಡಿ ನಿಂತುಹೋಗಿದೆ? ಅದು ಏನೇನು ಕೆಲಸ ಮಾಡ್ತಿತ್ತು? ಕಾಮೆಂಟಲ್ಲಿ ಪಟ್ಟಿ ಹಾಕಿ, ಓದ್ತೀನಿ. ಡಬ್ಬಿಗೆ ನಂಬರ್ ಬಂದ ದಿನ ಫೋಟೋ ಹಾಕ್ತೀನಿ. ಈ ಸಲ ಘಾಟಿಗೆ ಬಂದ್ರೆ ಅಂಗಡಿ ಹತ್ರ ಬನ್ನಿ, ಕ್ಲಾಸ್‌ಮೇಟ್ಸ್‌ಗೆ ಬತ್ತಾಸು ಫ್ರೀ. ಕಡ್ಲೆಪುರಿಗೆ ದುಡ್ಡು ಕೊಡಬೇಕು.

#ಜಡಿಗೇನಹಳ್ಳಿ #ಹೊಸಕೋಟೆ #ನಮ್ಮಡಬ್ಬಿ #ಸುಮೋ #ಜಾತ್ರೆ